ಆರೋಗ್ಯವಾರ್ತೆಗಳ ಪ್ರಾಮಾಣ್ಯವಿಚಾರ

(ಶ್ರೀಮಠದ ಸುವರ್ಣಮಹೋತ್ಸವದ ಧರ್ಮಸಭೆಯಲ್ಲಿ ಜರುಗಿದ ಉಪನ್ಯಾಸ)



ಶರೀರವು ನಶ್ವರವೆಂದು ಎಲ್ಲ ಮತಗಳೂ ಸಾರುವವು. ಆದರೆ ಶಿವಶರಣರ ಮತದಲ್ಲಿ ನಶ್ವರವಾದ ಮಾತ್ರಕ್ಕೆ ಶರೀರವು ತಿರಸ್ಕಾರಯೋಗ್ಯವೆನಿಸಲಿಲ್ಲ. ಇಷ್ಟಲಿಂಗವನ್ನು ಧರಿಸುವದು ಈ ಶರೀರವೇ. ಅದನ್ನು ಕರಸ್ಥಲದಲ್ಲಿಟ್ಟು ಪೂಜಿಸುವದು ಈ ಕೈಯೇ. ಕಾಯಕವನ್ನು ಮಾಡಿ ದಾಸೋಹಕ್ಕೆ ಸಲ್ಲಿಸುವದೂ ಈ ದೇಹವೇ. ಆದ್ದರಿಂದ ದೇಹರಕ್ಷಣೆಯು ಭಕ್ತನಿಗೆ ಕರ್ತವ್ಯದೊಳಗೇ ಸೇರಿದ್ದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನು ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಕೈಕೊಂಡು ವಚನಗಳನ್ನು ರಚಿಸಿದನೆಂಬದು ಬಲ್ಲವರಿಗೆ ತಿಳಿದ ವಿಷಯವೇ. ದೇಹವನ್ನು ಕಾಯುವ ವಿದ್ಯೆಗೆ ಅನುಭಾವಿಗಳ ಸಾಲಿನಲ್ಲಿ ಸ್ಥಾನವುಂಟೆಂಬದಕ್ಕೆ ಇಷ್ಟು ನಿದರ್ಶನವು ಸಾಕು.

ಹೀಗಿರುವಲ್ಲಿ, ದೇಹದ ವಿಷಯವಾಗಿ ಪ್ರತಿದಿನ ಕಿವಿಗೆ ಬೀಳುವ ವಾರ್ತೆಗಳನ್ನು ಭಕ್ತನು ಹೇಗೆ ಸ್ವೀಕರಿಸತಕ್ಕದ್ದೆಂಬ ಪ್ರಶ್ನೆಯು ಸಣ್ಣದಲ್ಲ. ಇಂದಿನ ಕಾಲದಲ್ಲಿ ಈ ವಾರ್ತೆಗಳಿಗೆ ಮಿತಿಯಿಲ್ಲ. ಬೆಳಗಾದರೆ ವರ್ತಮಾನಪತ್ರವು ಒಂದು ಹೊಸ ಔಷಧಿಯನ್ನು ಕೊಂಡಾಡುವದು, ಮಧ್ಯಾಹ್ನಕ್ಕೆ ಟಿ.ವಿ.ಯು ಒಂದು ಹೊಸ ಭಯವನ್ನು ಸಾರುವದು. ಸಂಜೆಗೆ ಬಂಧುವೊಬ್ಬನು ಮೊಬೈಲಿಗೆ ಕಳಿಸಿದ ಬರಹವು, ಇಂಥ ಎಲೆಯ ರಸದಿಂದ ಸಕ್ಕರೆ ರೋಗವು ಬೇರುಸಹಿತ ಹೋಗುವದೆಂದು ಆಣೆಯಿಟ್ಟು ಹೇಳುವದು. ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧನಿಜ, ಕೆಲವು ಕೇವಲ ವ್ಯಾಪಾರ. ಎಲ್ಲವನ್ನೂ ನಂಬುವವನು ಕೆಡುವನು. ಯಾವದನ್ನೂ ನಂಬದವನೂ ಕೆಡುವನು, ಯಾಕಂದರೆ ನಿಜವಾದ ಎಚ್ಚರಿಕೆಯೂ ಅವನ ಪಾಲಿಗೆ ಸುಳ್ಳಾಗಿ ಹೋಗುವದು. ಚಿನಿವಾರನು ಬಂಗಾರವನ್ನು ಒರೆಗೆ ಹಚ್ಚಿ ನೋಡಿ ಬೆಲೆ ಕಟ್ಟುವಂತೆ, ವಾರ್ತೆಯನ್ನೂ ಒರೆಗೆ ಹಚ್ಚಿ ನೋಡಿ ಬೆಲೆ ಕಟ್ಟುವದೇ ವಿವೇಕಿಯ ಮಾರ್ಗವು. ಆ ಒರೆಗಲ್ಲು ಯಾವದೆಂಬದೇ ಈ ಉಪನ್ಯಾಸದ ವಿಷಯವಾಗಿದೆ.

ಪ್ರಮಾಣವಿಚಾರವು ಪಾಠಶಾಲೆಗಳಿಗೆ ಹೊಸದಲ್ಲ. ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಯು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಬಲ್ಲನು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೂ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ನಾಲ್ಕು ವಿಧದ ಪರೀಕ್ಷೆಗಳು ಹೇಳಲ್ಪಟ್ಟಿವೆ. ಯುಕ್ತಿಯೆಂದರೆ ಅನೇಕ ಕಾರಣಗಳು ಕೂಡಿ ಒಂದು ಕಾರ್ಯವು ಉಂಟಾಗುವಲ್ಲಿ ಅವುಗಳ ಜೋಡಣೆಯನ್ನು ವಿವೇಚಿಸುವ ಬುದ್ಧಿಯು. ರೋಗವು ಒಂದೇ ಕಾರಣದಿಂದ ಬರುವದು ವಿರಳ. ಆದ್ದರಿಂದ ವೈದ್ಯಶಾಸ್ತ್ರದಲ್ಲಿ ಯುಕ್ತಿಗೆ ಪ್ರತ್ಯೇಕವಾದ ಸ್ಥಾನವು ದೊರೆತದ್ದು ಯೋಗ್ಯವೇ ಆಗಿದೆ.

ಪತ್ರಿಕೆಯ ವಾರ್ತೆಯು ಶಬ್ದದ ಜಾತಿಗೆ ಸೇರಿದ್ದು. ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ನುಡಿದವನು ಆಪ್ತನಾಗಿರಬೇಕು. ವಿಷಯವನ್ನು ಇದ್ದಂತೆ ಬಲ್ಲವನೂ, ಬಲ್ಲಂತೆ ನುಡಿಯುವವನೂ ಆದವನೇ ಆಪ್ತನು. ಬಲ್ಲವನಾಗಿದ್ದು ಲಾಭಕ್ಕಾಗಿ ಬೇರೆ ನುಡಿದರೆ ಅವನು ಆಪ್ತನಲ್ಲ. ಸತ್ಯವಂತನಾಗಿದ್ದು ವಿಷಯವನ್ನೇ ಅರಿಯದಿದ್ದರೂ ಅವನು ಆಪ್ತನಲ್ಲ. ಆರೋಗ್ಯವಾರ್ತೆಯಾದರೋ ಒಂದೇ ಬಾಯಿಂದ ಬರುವದಿಲ್ಲ. ಸಂಶೋಧಕನು ಪ್ರಬಂಧವನ್ನು ಬರೆಯುವನು; ಅವನ ವಿಶ್ವವಿದ್ಯಾಲಯವು ಅದನ್ನು ಸಂಕ್ಷೇಪಿಸಿ ಪತ್ರಿಕೆಗಳಿಗೆ ಪ್ರಕಟನೆಯನ್ನು ಕಳಿಸುವದು; ವರದಿಗಾರನು ಅದರಿಂದ ವಾರ್ತೆಯನ್ನು ಹೊಸೆಯುವನು; ಮತ್ತೊಬ್ಬನು ತಲೆಬರಹವನ್ನು ಕಟ್ಟುವನು; ಕೊನೆಗೆ ಓದುಗನು ತಲೆಬರಹವನ್ನಷ್ಟೇ ನೆನಪಿಟ್ಟು ನೆರೆಮನೆಯವನಿಗೆ ಹೇಳುವನು. ಐದು ಪಾತ್ರೆಗಳಿಗೆ ಸುರಿದ ಹಾಲಿನಲ್ಲಿ ಯಾವ ಪಾತ್ರೆಯಲ್ಲಿ ನೀರು ಬೆರೆಯಿತೆಂದು ಕಂಡುಹಿಡಿಯುವದು ಕಷ್ಟವು.

ಆದಾಗ್ಯೂ ಕೆಲವರು ಅದನ್ನು ಕಂಡುಹಿಡಿಯುವ ಯತ್ನ ಮಾಡಿದ್ದಾರೆ. ಬ್ರಿಟನ್ನಿನ ೨೦ ಪ್ರಮುಖ ವಿಶ್ವವಿದ್ಯಾಲಯಗಳು ಹೊರಡಿಸಿದ ೪೬೨ ಪ್ರಕಟನೆಗಳನ್ನು ಅವುಗಳ ಮೂಲಪ್ರಬಂಧಗಳೊಡನೆಯೂ, ಅವುಗಳಿಂದ ಹುಟ್ಟಿದ ವಾರ್ತೆಗಳೊಡನೆಯೂ ಹೋಲಿಸಿ ನೋಡಿದ ಒಂದು ಅಧ್ಯಯನವು ೨೦೧೪ನೆಯ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪ್ರಕಟನೆಗಳಲ್ಲಿ ನೂರಕ್ಕೆ ೪೦ರಷ್ಟು ಮೂಲಪ್ರಬಂಧವು ಕೊಟ್ಟದ್ದಕ್ಕಿಂತ ಹೆಚ್ಚು ನೇರವಾದ ಉಪದೇಶವನ್ನು ಓದುಗರಿಗೆ ಕೊಟ್ಟಿದ್ದವು. ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಯನ್ನು ಮನುಷ್ಯರಿಗೆ ಅನ್ವಯಿಸುವಲ್ಲಿ ನೂರಕ್ಕೆ ೩೬ರಷ್ಟು ಉತ್ಪ್ರೇಕ್ಷೆಯಿತ್ತು. ಇಂಥ ಉತ್ಪ್ರೇಕ್ಷೆಯು ಪ್ರಕಟನೆಯಲ್ಲಿಯೇ ಇದ್ದಾಗ ವಾರ್ತೆಗಳಲ್ಲಿ ನೂರಕ್ಕೆ ೮೬ ಅದನ್ನೇ ಹೊತ್ತುಕೊಂಡು ಬಂದವು. ಪ್ರಕಟನೆಯು ಮಿತವಾಗಿದ್ದಾಗ ನೂರಕ್ಕೆ ೧೦ ಮಾತ್ರವೇ ಹಾಗೆ ಮಾಡಿದವು. ಆದ್ದರಿಂದ ದೋಷವನ್ನೆಲ್ಲ ವರದಿಗಾರನ ತಲೆಗೆ ಕಟ್ಟುವದು ನ್ಯಾಯವಲ್ಲ. ಎಷ್ಟೋ ಸಲ ಕಟ್ಟೆಯೊಡೆಯುವದು ಕಾಲುವೆಯಲ್ಲಲ್ಲ, ಕೆರೆಯಲ್ಲಿಯೇ. ದೊಡ್ಡ ವಿದ್ಯಾಪೀಠದ ಹೆಸರು ವಾರ್ತೆಯಲ್ಲಿ ಬಂದ ಮಾತ್ರಕ್ಕೆ ಅದು ಆಪ್ತವಾಕ್ಯವಾಗುವದಿಲ್ಲವೆಂಬದನ್ನು ಇದರಿಂದ ತಿಳಿಯತಕ್ಕದ್ದು.

ನುಡಿದವನನ್ನು ಹೀಗೆ ಪರೀಕ್ಷಿಸುವದು ಸಾಮಾನ್ಯ ಗೃಹಸ್ಥನಿಗೆ ಯಾವಾಗಲೂ ಸಾಧ್ಯವಾಗಲಾರದು. ಆದರೆ ನುಡಿಯನ್ನು ಪರೀಕ್ಷಿಸುವದು ಸಾಧ್ಯವು. ಅದಕ್ಕೆ ಮೂರು ಪ್ರಶ್ನೆಗಳು ಸಾಕು: ಎಷ್ಟರಲ್ಲಿ ಎಷ್ಟು? ಯಾರೊಡನೆ ಹೋಲಿಸಿ? ಯಾರಿಗೆ? ಅಕ್ಷರ ಬಲ್ಲವನೂ ಬಾರದವನೂ ಈ ಮೂರನ್ನು ಕೇಳಬಲ್ಲನು.

ಮೊದಲನೆಯ ಪ್ರಶ್ನೆಗೆ ಹಾಸನ ಜಿಲ್ಲೆಯ ಸಂಗತಿಯು ಉತ್ತಮ ದೃಷ್ಟಾಂತವಾಗಿದೆ. ೨೦೨೫ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಆ ಜಿಲ್ಲೆಯಲ್ಲಿ ಸುಮಾರು ನಾಲ್ವತ್ತು ದಿವಸಗಳೊಳಗಾಗಿ ಇಪ್ಪತ್ತಕ್ಕೂ ಹೆಚ್ಚು ಜನರು ಹೃದಯಾಘಾತದಿಂದ ತೀರಿಕೊಂಡರೆಂಬ ವಾರ್ತೆಯು ನಾಡಿನಲ್ಲೆಲ್ಲ ಹಬ್ಬಿತು. ಸತ್ತವರಲ್ಲಿ ತರುಣರೂ ಇದ್ದರು. ದಿನಕ್ಕೊಂದು ಹೆಸರು, ದಿನಕ್ಕೊಂದು ಭಾವಚಿತ್ರ. ಎಣಿಕೆಯು ಏರುತ್ತ ಹೋಯಿತು. ಜನರು ಭೀತರಾಗಿ ಮೈಸೂರು ಮತ್ತು ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲಿಯೇ ಸಾಲುಗಟ್ಟಿದರು. ಎದೆನೋವಿಲ್ಲದವರ ಈ ಸಾಲು ಬೆಳೆದಂತೆ ನಿಜವಾದ ಹೃದ್ರೋಗಿಯ ಸರದಿಯು ಹಿಂದೆ ಸರಿಯುವದೆಂಬದನ್ನು ಹೇಳಬೇಕಾಗಿಲ್ಲ.

ಇಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯು, ಎಷ್ಟರಲ್ಲಿ ಎಷ್ಟು ಎಂಬದು. ೨೦೧೧ನೆಯ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆಯು ೧೭ ಲಕ್ಷ ೭೬ ಸಾವಿರ. ವರ್ಷಕ್ಕೆ ಸಾವಿರ ಜನರಲ್ಲಿ ಆರು ಜನರು ಸಾಯುವರೆಂದು ಹಿಡಿದರೂ ವರ್ಷದಲ್ಲಿ ಹತ್ತು ಸಾವಿರಕ್ಕೂ ಮೀರಿದ ಮರಣಗಳು ಸಂಭವಿಸಬೇಕು. ನಾಲ್ವತ್ತು ದಿವಸಗಳಲ್ಲಿ ಸಾವಿರದ ನೂರಕ್ಕೆ ಕಡಮೆಯಾಗಲಾರದು. ಭರತಖಂಡದಲ್ಲಿ ಸಂಭವಿಸುವ ಮರಣಗಳಲ್ಲಿ ಕಾಲುಪಾಲಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಆಗತಕ್ಕವು. ಹಾಗಾದರೆ ಯಾವ ವಿಶೇಷ ಉತ್ಪಾತವೂ ಇಲ್ಲದೆ, ಪ್ರತಿ ನಾಲ್ವತ್ತು ದಿವಸಗಳಲ್ಲಿ ಆ ಜಿಲ್ಲೆಯಲ್ಲಿ ಎಲ್ಲ ವಯಸ್ಸಿನವರನ್ನೂ ಕೂಡಿಸಿ ಇಂಥ ಮರಣಗಳು ಇನ್ನೂರ ಎಪ್ಪತ್ತರ ಮೇಲಾಗುವವೆಂದಾಯಿತು. ಇಪ್ಪತ್ತು ಎಂಬ ಸಂಖ್ಯೆಯು ಒಂಟಿಯಾಗಿ ನಿಂತಾಗ ಎದೆಯನ್ನು ನಡುಗಿಸುವದು. ತನ್ನ ಮನೆಯವರ ನಡುವೆ ನಿಂತಾಗ ಅದರ ನಿಜವಾದ ಎತ್ತರವು ಕಾಣುವದು. ತರುಣರ ಮರಣಗಳ ಮಾತಾದರೆ, ಅವುಗಳನ್ನು ಹಿಂದಿನ ವರ್ಷಗಳ ತರುಣರ ಮರಣಗಳೊಡನೆ ಹೋಲಿಸಬೇಕಾಗುವದು. ವಾರ್ತೆಗಳಲ್ಲಿ ಆ ಹೋಲಿಕೆಯು ಬಹುತರವಾಗಿ ಇರಲೇ ಇಲ್ಲ.

ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಹೊರಬಿದ್ದ ಅದರ ವರದಿಯಂತೆ, ಎಣಿಕೆಗೆ ಬಂದಿದ್ದ ೨೪ ಮರಣಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ ಇಪ್ಪತ್ತರಲ್ಲಿ ಹತ್ತು ಖಚಿತವಾದವು, ಹತ್ತು ಸಂಭಾವ್ಯವಾದವು. ಹೃದಯಾಘಾತಗಳು ಆ ತಿಂಗಳುಗಳಲ್ಲಿ ಅಸಾಧಾರಣವಾಗಿ ಹೆಚ್ಚಿದವೆಂಬದಕ್ಕೆ ಸಮಿತಿಗೆ ಆಧಾರವು ಕಾಣಲಿಲ್ಲ. ಕತ್ತಲೆಯ ಕೋಣೆಯಲ್ಲಿ ದೀಪವನ್ನು ಹಿಡಿದಲ್ಲಿ ಧೂಳು ಕಾಣುವದು. ದೀಪದಿಂದ ಧೂಳು ಹುಟ್ಟಿತೆಂದು ಯಾರೂ ಹೇಳುವದಿಲ್ಲ. ಪತ್ರಿಕೆಗಳ ದೃಷ್ಟಿಯು ಒಂದು ಜಿಲ್ಲೆಯ ಮೇಲೆ ಬಿದ್ದಾಗ ಅಲ್ಲಿಯ ಮರಣಗಳು ಕಾಣತೊಡಗಿದವು. ನೆರೆಯ ಜಿಲ್ಲೆಗಳ ಮರಣಗಳು ಕತ್ತಲೆಯಲ್ಲಿಯೇ ಉಳಿದವು. ಇದರ ಅರ್ಥವು ಹೃದ್ರೋಗವನ್ನು ಲಘುವಾಗಿ ಎಣಿಸಬೇಕೆಂದಲ್ಲ. ಅದು ಒಂದು ಬೇಸಿಗೆಯಲ್ಲಿ ಒಂದು ಜಿಲ್ಲೆಗೆ ಬಂದು ಹೋದ ಮಾರಿಯಲ್ಲ. ಎಲ್ಲ ಜಿಲ್ಲೆಗಳಲ್ಲಿ ಎಲ್ಲ ಕಾಲದಲ್ಲಿಯೂ ನೆಲಸಿರುವ ಶತ್ರುವು. ತಂಬಾಕು, ಮದ್ಯ, ರಕ್ತದೊತ್ತಡ, ಸಕ್ಕರೆ ರೋಗ, ಇವುಗಳೇ ಅದರ ಬಾಗಿಲುಗಳು. ಭಯದ ವಾರ್ತೆಯು ಒಂದು ವಾರ ಆಸ್ಪತ್ರೆಗೆ ಓಡಿಸುವದು. ಸತ್ಯದ ವಾರ್ತೆಯು ಜೀವಮಾನವಿಡೀ ತಂಬಾಕನ್ನು ಬಿಡಿಸಬಲ್ಲದು.

ಇದೇ ಪ್ರಶ್ನೆಗೆ ಮತ್ತೊಂದು ಮುಖವುಂಟು. ಅದು ಮನಸ್ಸಿಗೆ ಹಿತವಾದ ವಾರ್ತೆಯಲ್ಲಿ ಕಾಣಬರುವದಾದ್ದರಿಂದ ಹೆಚ್ಚು ಅವಧಾನವನ್ನು ಬೇಡುವದು. ೨೦೧೫ನೆಯ ಇಸವಿಯ ಅಕ್ಟೋಬರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು, ಉಪ್ಪು ಹಚ್ಚಿ ಹೊಗೆಯಿಟ್ಟು ಸಂಸ್ಕರಿಸಿದ ಮಾಂಸವು ಕ್ಯಾನ್ಸರಿಗೆ ಕಾರಣವೆಂಬದು ಸಿದ್ಧವಾಗಿದೆಯೆಂದು ಸಾರಿ, ಅದನ್ನು ತಂಬಾಕು ಇರುವ ಮೊದಲನೆಯ ವರ್ಗದಲ್ಲಿಯೇ ಸೇರಿಸಿತು. ದಿನಕ್ಕೆ ೫೦ ಗ್ರಾಮಿನಂತೆ ಅದನ್ನು ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವು ನೂರಕ್ಕೆ ೧೮ರಷ್ಟು ಹೆಚ್ಚುವದೆಂದೂ ಹೇಳಿತು. ಅನೇಕ ಪತ್ರಿಕೆಗಳು, ಮಾಂಸವು ಧೂಮಪಾನದಷ್ಟೇ ಘಾತಕವೆಂದು ಬರೆದವು. ಲಿಂಗವಂತರ ಮನೆಗಳಲ್ಲಿ ಈ ವಾರ್ತೆಯನ್ನು ಓದಿ ಹರ್ಷಪಟ್ಟವರು ಕಡಮೆಯಿರಲಾರರು.

ಆದರೆ ಆ ವರ್ಗವು ಹೇಳುವದು ಸಾಕ್ಷ್ಯದ ಬಲವನ್ನು, ಅಪಾಯದ ಗಾತ್ರವನ್ನಲ್ಲ. ಇರುವೆಯು ಕಚ್ಚುವದೂ ಸಿದ್ಧವಾದ ಸಂಗತಿ, ಹಾವು ಕಚ್ಚುವದೂ ಸಿದ್ಧವಾದ ಸಂಗತಿ. ಎರಡೂ ಸಮಾನವೆಂದು ಅದರಿಂದ ಸಿದ್ಧಿಸುವದಿಲ್ಲ. ಇನ್ನು ನೂರಕ್ಕೆ ೧೮ ಹೆಚ್ಚುವದೆಂದರೆ ನೂರು ಜನರಲ್ಲಿ ಹದಿನೆಂಟು ಜನರಿಗೆ ಹೊಸದಾಗಿ ರೋಗ ಬರುವದೆಂದಲ್ಲ. ಬ್ರಿಟನ್ನಿನ ಲೆಕ್ಕದಂತೆ, ಇಂಥ ಮಾಂಸವನ್ನು ಅತ್ಯಲ್ಪವಾಗಿ ತಿನ್ನುವ ಸಾವಿರ ಜನರಲ್ಲಿ ಜೀವಮಾನದಲ್ಲಿ ಸುಮಾರು ೫೬ ಜನರಿಗೂ, ಅತಿ ಹೆಚ್ಚಾಗಿ ತಿನ್ನುವ ಸಾವಿರ ಜನರಲ್ಲಿ ಸುಮಾರು ೬೬ ಜನರಿಗೂ ಈ ರೋಗವು ಬರುವದು. ಸಾವಿರದಲ್ಲಿ ಹತ್ತು ಜನರ ಭೇದ. ಅದು ನಿಜವಾದ ಭೇದವು, ಅಲಕ್ಷ್ಯಕ್ಕೆ ತಕ್ಕದ್ದಲ್ಲ. ಆದರೆ ಧೂಮಪಾನದ ಅಪಾಯಕ್ಕೆ ಅದನ್ನು ಸರಿದೂಗಿಸುವದು ಅಸತ್ಯವು. ಶರಣರು ಮಾಂಸವನ್ನು ವರ್ಜಿಸಿದ್ದು ದಯೆಯ ಕಾರಣದಿಂದ. ದಯೆಗೆ ಸುಳ್ಳು ತೂಕದ ಕಲ್ಲಿನ ಸಹಾಯವು ಬೇಕಾಗಿಲ್ಲ. ತಮ್ಮ ಪಕ್ಷಕ್ಕೆ ಅನುಕೂಲವಾದ ವಾರ್ತೆಯನ್ನು ಹಿಗ್ಗಿಸಿ ಹೇಳುವವನು, ನಾಳೆ ಪ್ರತಿಕೂಲವಾದ ವಾರ್ತೆಯನ್ನು ಇತರರು ಹಿಗ್ಗಿಸಿದಾಗ ಆಕ್ಷೇಪಿಸುವ ಅಧಿಕಾರವನ್ನು ಕಳೆದುಕೊಳ್ಳುವನು.

ಎರಡನೆಯ ಪ್ರಶ್ನೆಯು, ಯಾರೊಡನೆ ಹೋಲಿಸಿ ಎಂಬದು. ಹಾಸನದ ಭೀತಿಯ ಕಾಲದಲ್ಲಿಯೇ, ಕೋವಿಡ್ ಲಸಿಕೆಯಿಂದ ಈ ಮರಣಗಳಾದವೆಂಬ ಮಾತೂ ಹಬ್ಬಿತು. ಸತ್ತವನು ಲಸಿಕೆಯನ್ನು ಹಾಕಿಸಿಕೊಂಡಿದ್ದನೆಂಬದೇ ಅದಕ್ಕೆ ಆಧಾರ. ಕಾಗೆಯು ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸುವ ಕಾಕತಾಲೀಯ ನ್ಯಾಯವಿದು. ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎರಡೂ ಬೇಕು: ಅದು ಇದ್ದಲ್ಲಿ ಇದು ಇರಬೇಕು, ಅದು ಇಲ್ಲದಲ್ಲಿ ಇದು ಇಲ್ಲವಾಗಬೇಕು. ನಾಡಿನ ಬಹುಜನರು ಲಸಿಕೆಯನ್ನು ಹಾಕಿಸಿಕೊಂಡ ಮೇಲೆ ಸತ್ತವರಲ್ಲಿ ಬಹುಜನರು ಲಸಿಕೆಯವರೇ ಆಗಿರುವದು ಸಹಜವು. ಬದುಕಿದವರಲ್ಲಿಯೂ ಬಹುಜನರು ಅವರೇ. ಹೋಲಿಸದೆ ಹೇಳುವದು ವ್ಯತಿರೇಕವಿಲ್ಲದ ಅನ್ವಯವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಈ ಹೋಲಿಕೆಯನ್ನೇ ಮಾಡಿತು. ದೇಶದ ೪೭ ದೊಡ್ಡ ಆಸ್ಪತ್ರೆಗಳ ಮೂಲಕ, ೧೮ರಿಂದ ೪೫ ವರ್ಷದೊಳಗಿನವರಲ್ಲಿ ಕಾರಣ ತಿಳಿಯದೆ ಅಕಸ್ಮಾತ್ತಾಗಿ ಸತ್ತ ೭೨೯ ಜನರನ್ನು, ಅವರಂತೆಯೇ ವಯಸ್ಸು ಮತ್ತು ನೆರೆಹೊರೆಯುಳ್ಳ ೨,೯೧೬ ಜೀವಂತರೊಡನೆ ಹೋಲಿಸಿ, ೨೦೨೩ನೆಯ ಇಸವಿಯಲ್ಲಿ ಫಲಿತವನ್ನು ಪ್ರಕಟಿಸಿತು. ಲಸಿಕೆಯು ಅಪಾಯವನ್ನು ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಸಲ ಹಾಕಿಸಿಕೊಂಡವರಲ್ಲಿ ಅಪಾಯವು ಕಡಮೆಯೇ ಇದ್ದಿತು. ಹಿಂದೆ ಕೋವಿಡಿನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಅಕಸ್ಮಾತ್ ಮರಣವಿದ್ದದ್ದು, ಸಾವಿನ ಮುಂಚಿನ ಎರಡು ದಿವಸಗಳೊಳಗೆ ಮಿತಿಮೀರಿ ಮದ್ಯ ಸೇವಿಸಿದ್ದು ಅಥವಾ ಅತಿಶ್ರಮದ ವ್ಯಾಯಾಮ ಮಾಡಿದ್ದು, ಇವೇ ಅಪಾಯದೊಡನೆ ಕೂಡಿ ಬಂದ ಸಂಗತಿಗಳು. ಒಂದೇ ಕಾರಣವನ್ನು ಹುಡುಕುವವನಿಗೆ ಈ ಉತ್ತರದಿಂದ ತೃಪ್ತಿಯಾಗದು. ಯುಕ್ತಿಯುಳ್ಳವನಿಗೆ ಇದೇ ಉತ್ತರವು.

ಹೋಲಿಕೆಯಿಲ್ಲದ ಮಾತು ಎಷ್ಟು ಅನರ್ಥವನ್ನು ಮಾಡಬಲ್ಲದೆಂಬದಕ್ಕೆ ಇಂಗ್ಲಂಡದ ಸಂಗತಿಯನ್ನು ಲಕ್ಷ್ಯಕ್ಕೆ ತರಬಹುದು. ೧೯೯೮ನೆಯ ಇಸವಿಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯನೂ ಅವನ ಸಂಗಡಿಗರೂ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಸಂಯುಕ್ತ ಲಸಿಕೆಗೂ ಮಕ್ಕಳಲ್ಲಿಯ ಆಟಿಸಂ ಎಂಬ ಸ್ಥಿತಿಗೂ ಸಂಬಂಧವಿರಬಹುದೆಂಬ ಸೂಚನೆಯು ಅದರಲ್ಲಿತ್ತು. ಪರೀಕ್ಷಿಸಿದ ಮಕ್ಕಳು ೧೨. ಹೋಲಿಸಲು ತೆಗೆದುಕೊಂಡ ಲಸಿಕೆಯಿಲ್ಲದ ಮಕ್ಕಳು ಒಬ್ಬರೂ ಇಲ್ಲ. ಪತ್ರಿಕೆಗಳು ಹನ್ನೆರಡು ಮಕ್ಕಳ ಕಥೆಯನ್ನು ಲಕ್ಷಾಂತರ ತಾಯಂದಿರ ಭಯವನ್ನಾಗಿ ಮಾಡಿದವು. ಡೆನ್ಮಾರ್ಕದಲ್ಲಿ ೫ ಲಕ್ಷ ೩೭ ಸಾವಿರ ಮಕ್ಕಳನ್ನು ಹೋಲಿಸಿದ ಅಧ್ಯಯನವು ೨೦೦೨ರಲ್ಲಿ, ೬ ಲಕ್ಷ ೫೭ ಸಾವಿರ ಮಕ್ಕಳನ್ನು ಹೋಲಿಸಿದ ಅಧ್ಯಯನವು ೨೦೧೯ರಲ್ಲಿ ಪ್ರಕಟವಾದವು. ಎರಡರಲ್ಲಿಯೂ ಅಂಥ ಸಂಬಂಧವು ಕಾಣಲಿಲ್ಲ. ಬ್ರಯನ್ ಡೀರ್ ಎಂಬ ಪತ್ರಕರ್ತನು ಆ ಪ್ರಬಂಧದ ಒಳಗಿನ ದೋಷಗಳನ್ನು ಬೆನ್ನಟ್ಟಿ ಬಯಲಿಗೆಳೆದನು. ೨೦೧೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಪ್ರಬಂಧವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡನ ಹೆಸರು ವೈದ್ಯರ ಪಟ್ಟಿಯಿಂದ ತೆಗೆಯಲ್ಪಟ್ಟಿತು. ಅಷ್ಟರೊಳಗೆ ಲಸಿಕೆ ಹಾಕಿಸುವವರ ಸಂಖ್ಯೆಯು ನೂರಕ್ಕೆ ಸುಮಾರು ೮೦ಕ್ಕೆ ಇಳಿದು, ಅಲ್ಲಿ ಅಡಗಿದ್ದ ದಡಾರವು ಮರಳಿ ತಲೆಯೆತ್ತಿತ್ತು. ೨೦೦೮ರಲ್ಲಿ ಇಂಗ್ಲಂಡ ಮತ್ತು ವೇಲ್ಸ್‌ಗಳಲ್ಲಿ ರೋಗಿಗಳ ಎಣಿಕೆಯು ಸಾವಿರವನ್ನು ಮೀರಿತು. ವಾರ್ತೆಯ ವಿಷವನ್ನು ಹರಡಿದ್ದು ಪತ್ರಿಕೆಗಳೇ, ಅದಕ್ಕೆ ಮದ್ದನ್ನು ತಂದವನೂ ಒಬ್ಬ ಪತ್ರಕರ್ತನೇ ಎಂಬದನ್ನು ಮರೆಯಲಾಗದು. ಆದ್ದರಿಂದ ಪತ್ರಿಕೆಗಳನ್ನು ಓದಬಾರದೆಂಬದು ಈ ಉಪನ್ಯಾಸದ ತಾತ್ಪರ್ಯವಲ್ಲ.

ಮೂರನೆಯ ಪ್ರಶ್ನೆಯು, ಯಾರಿಗೆ ಎಂಬದು. ಶಾಸ್ತ್ರಗಳಲ್ಲಿ ಅಧಿಕಾರಿಭೇದವೆಂಬ ಮಾತುಂಟು. ಎಲ್ಲ ಉಪದೇಶವೂ ಎಲ್ಲರಿಗೂ ಅಲ್ಲ. ಗುರುವು ಶಿಷ್ಯನ ಸ್ಥಲವನ್ನು ಅರಿತು ಉಪದೇಶಿಸುವನು. ಔಷಧಿಯ ವಿಷಯದಲ್ಲಿಯೂ ಹಾಗೆಯೇ. ೨೦೨೦ನೆಯ ಇಸವಿಯ ಜೂನ್ ತಿಂಗಳಲ್ಲಿ, ಬ್ರಿಟನ್ನಿನ ರಿಕವರಿ ಎಂಬ ಪರೀಕ್ಷೆಯಿಂದ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ಔಷಧಿಯು ಕೋವಿಡಿನಲ್ಲಿ ಜೀವವನ್ನುಳಿಸುವದೆಂಬ ವಾರ್ತೆಯು ಲೋಕವನ್ನೆಲ್ಲ ವ್ಯಾಪಿಸಿತು. ವಾರ್ತೆಯು ಸುಳ್ಳಲ್ಲ. ಚೀಟಿಯೆತ್ತಿದಂತೆ ಪಕ್ಷಪಾತವಿಲ್ಲದೆ ವಿಂಗಡಿಸಿದ ರೋಗಿಗಳಲ್ಲಿ ೨,೧೦೪ ಜನರಿಗೆ ಈ ಔಷಧಿಯನ್ನು ಕೊಟ್ಟು, ೪,೩೨೧ ಜನರಿಗೆ ವಾಡಿಕೆಯ ಉಪಚಾರವನ್ನು ಮಾತ್ರ ಮಾಡಿ, ೨೮ ದಿವಸಗಳ ವರೆಗೆ ನೋಡಿದ್ದರು. ಕೃತಕ ಉಸಿರಾಟದ ಯಂತ್ರದ ಮೇಲಿದ್ದವರಲ್ಲಿ ಮರಣವು ನೂರಕ್ಕೆ ೪೧ರಿಂದ ೨೯ಕ್ಕೆ ಇಳಿಯಿತು. ಯಂತ್ರವಿಲ್ಲದೆ ಆಮ್ಲಜನಕವನ್ನು ಮಾತ್ರ ಪಡೆಯುತ್ತಿದ್ದವರಲ್ಲಿ ೨೬ರಿಂದ ೨೩ಕ್ಕೆ ಇಳಿಯಿತು. ಆಮ್ಲಜನಕವೂ ಬೇಡವಾಗಿದ್ದವರಲ್ಲಿ ಮಾತ್ರ ಯಾವ ಪ್ರಯೋಜನವೂ ಕಾಣಲಿಲ್ಲ. ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು ೧೮, ಪಡೆಯದವರಲ್ಲಿ ೧೪ ಜನರು ಸತ್ತಿದ್ದರು. ಒಂದೇ ಔಷಧಿ, ಒಂದೇ ರೋಗ. ಒಬ್ಬನಿಗೆ ಅಮೃತ, ಇನ್ನೊಬ್ಬನಿಗೆ ನಿಷ್ಫಲ ಅಥವಾ ಹಾನಿ.

ತಲೆಬರಹವು ಜೀವವುಳಿಸುವ ಔಷಧಿಯೆಂದಷ್ಟೇ ಹೇಳಿತು. ಯಾರ ಜೀವವನ್ನು ಎಂಬದು ಕೆಳಗಿನ ಸಾಲುಗಳಲ್ಲಿ ಉಳಿಯಿತು. ೨೦೨೧ರ ಎರಡನೆಯ ಅಲೆಯಲ್ಲಿ ಭಾರತದಲ್ಲಿ ಸಣ್ಣ ಜ್ವರವಿದ್ದವರೂ ಮನೆಯಲ್ಲಿಯೇ ಸ್ಟೆರಾಯ್ಡ್ ಗುಳಿಗೆಗಳನ್ನು ನುಂಗಿದರು. ಸ್ಟೆರಾಯ್ಡು ರಕ್ತದಲ್ಲಿಯ ಸಕ್ಕರೆಯನ್ನು ಏರಿಸುವದು, ದೇಹದ ರೋಗನಿರೋಧಕ ಬಲವನ್ನು ಕುಗ್ಗಿಸುವದು. ಸಕ್ಕರೆ ರೋಗವು ಹೆಚ್ಚಾಗಿರುವ ಈ ದೇಶದಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ರೋಗವು ಹಬ್ಬಲು, ಹತೋಟಿಯಿಲ್ಲದ ಸಕ್ಕರೆಯೂ ಅನುಚಿತವಾದ ಸ್ಟೆರಾಯ್ಡ್ ಸೇವನೆಯೂ ಮುಖ್ಯ ಕಾರಣಗಳೆಂದು ತಜ್ಞರು ನಿರ್ಣಯಿಸಿದರು. ಆ ವರ್ಷದ ಜುಲೈ ತಿಂಗಳೊಳಗಾಗಿ ೪೫ ಸಾವಿರಕ್ಕೂ ಹೆಚ್ಚು ಜನರು ಅದಕ್ಕೆ ತುತ್ತಾದರು. ಅನೇಕರು ಕಣ್ಣನ್ನೂ, ಅನೇಕರು ಪ್ರಾಣವನ್ನೂ ಕಳೆದುಕೊಂಡರು. ಸತ್ಯವಾದ ವಾರ್ತೆಯನ್ನು ಅರ್ಧ ಕೇಳಿದರೂ ಹಾನಿಯುಂಟೆಂಬದಕ್ಕೆ ಇದಕ್ಕಿಂತ ದುಃಖಕರವಾದ ನಿದರ್ಶನವು ಬೇಕಿಲ್ಲ.

ಇನ್ನು ಸ್ವಗೃಹದ ವಿಚಾರಕ್ಕೆ ಬರುವದು ಅವಶ್ಯವಾಗಿದೆ. ಇಷ್ಟುಹೊತ್ತು ಹೇಳಿದ್ದು ಪರದೇಶದ ಪ್ರಬಂಧಗಳ, ಆಂಗ್ಲವೈದ್ಯದ ಮಾತು. ಮನೆಯ ಹಿತ್ತಲಿನ ಗಿಡಮೂಲಿಕೆಗೆ ಈ ಒರೆಗಲ್ಲು ಬೇಡವೆಂದು ಯಾರಾದರೂ ಭಾವಿಸಬಹುದು. ಆ ಭಾವನೆಯು ಸರಿಯಲ್ಲ. ಅಮೃತಬಳ್ಳಿಯ ಸಂಗತಿಯನ್ನೇ ನೋಡಬಹುದು. ಕೋವಿಡಿನ ಕಾಲದಲ್ಲಿ ರೋಗನಿರೋಧಕ ಶಕ್ತಿಯು ಹೆಚ್ಚುವದೆಂಬ ವಾರ್ತೆಯನ್ನು ನಂಬಿ ಅಸಂಖ್ಯಾತ ಕುಟುಂಬಗಳು ಅದರ ಕಷಾಯವನ್ನು ತಿಂಗಳುಗಟ್ಟಲೆ ಕುಡಿದವು. ೨೦೨೧ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಪ್ರಕಟಿಸಿದರು. ೨೦೨೨ರಲ್ಲಿ ದೇಶದ ೧೩ ಕೇಂದ್ರಗಳಿಂದ ಅಂಥ ೪೩ ರೋಗಿಗಳ ವಿವರವು ಹೊರಬಂದಿತು. ಆಯುಷ್ ಮಂತ್ರಾಲಯವು, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯ ಸೇವನೆಯಿಂದ ಹೀಗಾಗಿರಬಹುದೆಂದು ಆಕ್ಷೇಪಿಸಿತು.

ಇಲ್ಲಿಯೂ ಮೂರು ಪ್ರಶ್ನೆಗಳನ್ನೇ ಕೇಳತಕ್ಕದ್ದು. ಎಷ್ಟರಲ್ಲಿ ಎಷ್ಟು? ನಾಲ್ವತ್ತಮೂರು ರೋಗಿಗಳು ನಿಜ. ಆದರೆ ಕಷಾಯವನ್ನು ಕುಡಿದವರು ಎಷ್ಟು ಲಕ್ಷವೆಂಬದು ಲೆಕ್ಕದಲ್ಲಿಲ್ಲ. ಆದ್ದರಿಂದ ಅಮೃತಬಳ್ಳಿಯು ಎಲ್ಲರ ಯಕೃತ್ತನ್ನು ಕೆಡಿಸುವದೆಂಬ ತಲೆಬರಹವು ಸಲ್ಲದು. ಯಾರೊಡನೆ ಹೋಲಿಸಿ? ಕುಡಿದವರನ್ನು ಕುಡಿಯದವರೊಡನೆ ಹೋಲಿಸಿದ ಪರೀಕ್ಷೆಯಲ್ಲ ಇದು, ರೋಗಿಗಳ ವೃತ್ತಾಂತವು. ಹಾಗೆಂದು ಅಲಕ್ಷಿಸಲೂ ಆಗದು. ಬೇರೆ ಬೇರೆ ಊರುಗಳ ವೈದ್ಯರು ಒಂದೇ ಸಂಗತಿಯನ್ನು ಕಂಡಾಗ ಅದು ಎಚ್ಚರಿಕೆಯ ಗಂಟೆಯಾಗುವದು. ಯಾರಿಗೆ? ಆ ರೋಗಿಗಳಲ್ಲಿ ಕೆಲವರಿಗೆ ದೇಹವು ತನ್ನನ್ನೇ ತಾನು ಬಾಧಿಸಿಕೊಳ್ಳುವ ಜಾತಿಯ ರೋಗವು ಮೊದಲೇ ಇದ್ದಂತೆ ತೋರಿತು. ಅಂತೂ ಫಲಿತಾರ್ಥವಿಷ್ಟೆ: ಬಳ್ಳಿಯು ವಿಷವೆಂದು ಹೇಳಲಾಗದು, ಮನೆಮದ್ದೆಂಬ ಕಾರಣದಿಂದ ನಿರಪಾಯವೆಂದೂ ಹೇಳಲಾಗದು. ಯಕೃತ್ತಿನ ರೋಗವಿದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕುಡಿದವರಲ್ಲಿ ಕಣ್ಣು ಹಳದಿಯಾದರೆ ಕೂಡಲೆ ಬಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು.

ಪರೀಕ್ಷೆಯಿಂದ ಪರಂಪರೆಗೆ ಅವಮಾನವಾಗುವದೆಂಬ ಭಯವು ನಿರಾಧಾರವಾದದ್ದು. ಸರ್ಪಗಂಧದ ಬೇರು ಈ ದೇಶದ ಪುರಾತನ ಔಷಧಿಯು. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡವುಳ್ಳ ೫೦ ರೋಗಿಗಳಿಗೆ ಅದನ್ನು ಕೊಟ್ಟು, ಕಂಡ ಫಲವನ್ನು ೧೯೪೯ನೆಯ ಇಸವಿಯಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದರ ಸಾರವಾದ ರೆಸರ್ಪಿನ್ ಎಂಬದು ಜಗತ್ತಿನ ವೈದ್ಯರೆಲ್ಲರ ಕೈಗೆ ಬಂದಿತು. ಅದು ಕೆಲವರಲ್ಲಿ ಮನಸ್ಸಿನ ಖಿನ್ನತೆಯನ್ನುಂಟುಮಾಡುವದೆಂಬ ವರದಿಗಳೂ ತರುವಾಯ ಬಂದವು. ಗುಣವೂ ದೋಷವೂ ಹೀಗೆ ಬೆಳಕಿಗೆ ಬಂದದ್ದು ಪರೀಕ್ಷೆಯಿಂದಲೇ. ಒರೆಗೆ ಹಚ್ಚಿದ್ದರಿಂದ ಆ ಬೇರಿನ ಮಾನವು ಹೆಚ್ಚಿತೇ ಹೊರತು ಕುಂದಲಿಲ್ಲ.

ವಾರ್ತೆಯ ವೇಷವನ್ನು ತೊಟ್ಟ ಜಾಹೀರಾತುಗಳ ವಿಷಯದಲ್ಲಿ ಒಂದು ಮಾತು. ಸಕ್ಕರೆ ರೋಗ, ಕ್ಯಾನ್ಸರು ಮೊದಲಾದ ಅನೇಕ ರೋಗಗಳನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವದನ್ನು ೧೯೫೪ನೆಯ ಇಸವಿಯ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯದೆಯು ನಿಷೇಧಿಸಿದೆ. ಆದ್ದರಿಂದ ಇಂಥ ರೋಗವು ಬೇರುಸಹಿತ ಹೋಗುವದೆಂದು ಆಶ್ವಾಸನ ಕೊಡುವ ಬರಹದ ಅಡಿಯಲ್ಲಿ ಮಾರುವವನ ವಿಳಾಸವಿದ್ದರೆ, ಓದುಗನು ಮೂರು ಪ್ರಶ್ನೆಗಳ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿಲ್ಲ. ವಾರ್ತೆಯೊಂದನ್ನು ಓದಿ ಸಕ್ಕರೆಯ ಗುಳಿಗೆಯನ್ನೋ, ರಕ್ತದೊತ್ತಡದ ಗುಳಿಗೆಯನ್ನೋ ತಾನಾಗಿಯೇ ಬಿಡುವವನು ಕೆಲವು ವಾರ ಆರಾಮವಾಗಿಯೇ ಇರುವನು. ಆ ಆರಾಮವನ್ನೇ ಎಲೆಯ ರಸದ ಮಹಿಮೆಯೆಂದು ನೆರೆಯವರಿಗೆ ಹೇಳುವನು. ಅಷ್ಟರಲ್ಲಿ ರೋಗವು ಸದ್ದಿಲ್ಲದೆ ಕಣ್ಣನ್ನೂ, ಮೂತ್ರಪಿಂಡವನ್ನೂ, ಹೃದಯವನ್ನೂ ತಿನ್ನುತ್ತಿರುವದು. ವೈದ್ಯರನ್ನು ಕೇಳದೆ ನಡೆಯುತ್ತಿರುವ ಔಷಧಿಯನ್ನು ಬಿಡಕೂಡದೆಂಬದನ್ನು ಪ್ರತಿ ಮನೆಯ ಹಿರಿಯರೂ ನೇಮವನ್ನಾಗಿ ಇಟ್ಟುಕೊಳ್ಳತಕ್ಕದ್ದು.

ಕೊನೆಯದಾಗಿ, ಕೇಳುವವನ ಧರ್ಮದಂತೆ ಹೇಳುವವನ ಧರ್ಮವೂ ಉಂಟು. ವಿಭೂತಿಯನ್ನು ಧರಿಸಿದ ಹಣೆಗೂ, ಮಠದ ಹೆಸರಿಗೂ ಊರಿನ ಜನರು ಗೌರವವನ್ನು ಕೊಡುವರು. ಮಠದ ಪರಿಚಾರಕನೊಬ್ಬನು ದಾಸೋಹದ ಪಂಕ್ತಿಯಲ್ಲಿ ಆಡಿದ ಮಾತು, ಸಂಜೆಯೊಳಗಾಗಿ ಮಠದಲ್ಲಿ ಹೇಳಿದರು ಎಂದು ಊರೆಲ್ಲ ಹಬ್ಬುವದು. ಅವನು ಕೇಳಿ ಹೇಳಿದವನು ಮಾತ್ರ. ಜನರ ದೃಷ್ಟಿಯಲ್ಲಿ ಅವನೇ ಆಪ್ತನು. ತಾನು ಅರಿಯದ ವಿಷಯದಲ್ಲಿ ಆಪ್ತನ ಪೀಠವನ್ನೇರುವದು ದೊಡ್ಡ ಹೊಣೆ. ಮೊಬೈಲಿನಲ್ಲಿ ಒಂದು ಬೆರಳಿನಿಂದ ನೂರು ಜನರಿಗೆ ವಾರ್ತೆಯನ್ನು ದಾಟಿಸುವವನೂ ಅದೇ ಪೀಠವನ್ನೇರಿದವನು. ನೂರರಲ್ಲಿ ಒಬ್ಬಳು ತಾಯಿಯು ಅದನ್ನು ನಂಬಿ ಕೂಸಿಗೆ ಲಸಿಕೆಯನ್ನು ತಪ್ಪಿಸಿದರೆ, ಆ ಕೂಸಿನ ಜ್ವರದಲ್ಲಿ ದಾಟಿಸಿದವನಿಗೂ ಪಾಲುಂಟು. ಸತ್ಯವನ್ನು ನುಡಿಯುವದು ಮಾತ್ರ ಸಾಲದು. ನುಡಿಯುವದು ಸತ್ಯವೋ ಅಲ್ಲವೋ ಎಂದು ವಿಚಾರಿಸುವದೂ ಸತ್ಯದ ಅಂಗವೇ.

ಎಷ್ಟರಲ್ಲಿ ಎಷ್ಟು, ಯಾರೊಡನೆ ಹೋಲಿಸಿ, ಯಾರಿಗೆ ಎಂಬ ಮೂರು ಪ್ರಶ್ನೆಗಳನ್ನು ಪಾಠಶಾಲೆಯ ಬಾಲಕರು ಮಗ್ಗಿಯಂತೆ ಕಲಿತು ಮನೆಯ ಹಿರಿಯರಿಗೆ ಕಲಿಸಲಿ. ಉತ್ತರವು ವಾರ್ತೆಯಲ್ಲಿ ದೊರೆತರೆ ಅದನ್ನು ಆದರಿಸಲಿ; ದೊರೆಯದಿದ್ದರೆ ಸುಮ್ಮನಿದ್ದು ವೈದ್ಯರನ್ನು ಕೇಳಲಿ. ಐವತ್ತು ವರ್ಷಗಳ ದಾಸೋಹವನ್ನು ಆಚರಿಸುತ್ತಿರುವ ಈ ಶುಭಸಮಯದಲ್ಲಿ, ಅನ್ನವನ್ನು ಆರಿಸಿ ತೊಳೆದು ಬಡಿಸುವ ಎಚ್ಚರಿಕೆಯಿಂದಲೇ ಮಾತನ್ನೂ ಆರಿಸಿ ತೊಳೆದು ಬಡಿಸುವ ಸಂಕಲ್ಪವು ಸದ್ಭಕ್ತರಲ್ಲಿ ನೆಲೆಗೊಳ್ಳಲಿ. ಶ್ರೀಗುರುವಿನ ಕೃಪೆಯಿಂದ ಸರ್ವರಿಗೂ ಆಯುರಾರೋಗ್ಯಗಳು ದೊರೆಯಲಿ.